ಪೈಲಟ್ ಆಗಬೇಕು, ಸಿಪಿಎಸ್‌ಎಸ್ ಒಂದೇ ಸಲ: ತಯಾರಿ ಹೇಗೆ ಮಾಡಲಿ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಈಗಷ್ಟೇ 21 ತುಂಬಿದೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ವಾಯುಪಡೆಯಲ್ಲಿ ಪೈಲಟ್ ಆಗಬೇಕು ಅಂತ ಆಸೆ. ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್‌ಗೆ ಓದುತ್ತಿದ್ದೇನೆ. ಆದರೆ ಆಮೇಲೆ ಸಿಪಿಎಸ್‌ಎಸ್ ಅಂತ ಒಂದು ಪರೀಕ್ಷೆ ಇದೆ, ಅದರಲ್ಲಿ ಫೇಲಾದರೆ ಜೀವನದಲ್ಲಿ ಇನ್ನೊಂದು ಅವಕಾಶ ಇಲ್ಲ ಅಂತ ಸ್ನೇಹಿತರು ಹೆದರಿಸುತ್ತಿದ್ದಾರೆ. ಇದು ನಿಜವಾ? ಅದಕ್ಕೆ ತಯಾರಾಗಲು ಸಾಧ್ಯವಾ? ಕೋಚಿಂಗ್ ಬೇಕಾ? ಇಂಗ್ಲಿಷ್ ಮಾತಾಡಲು ಹಿಂಜರಿಕೆ ಬೇರೆ ಇದೆ.

ಉತ್ತರ: ಸ್ನೇಹಿತರು ಹೇಳಿದ್ದು ನಿಜ. ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಉಳಿದರ್ಧ ಗೊತ್ತಾದರೆ ನಿಮ್ಮ ಹೆದರಿಕೆ ಎಷ್ಟೋ ಕಡಿಮೆಯಾಗುತ್ತದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಸಿಪಿಎಸ್‌ಎಸ್ ಅಂದರೆ ಕಂಪ್ಯೂಟರೈಸ್ಡ್ ಪೈಲಟ್ ಸೆಲೆಕ್ಷನ್ ಸಿಸ್ಟಮ್. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ್ದು. ಮೊದಲು ಪಿಎಬಿಟಿ ಅಂತ ಹಳೆಯ ಕಾಲದ ಯಂತ್ರಗಳ ಪರೀಕ್ಷೆ ಇತ್ತು, ಅದರ ಜಾಗಕ್ಕೆ ಇದು ಬಂತು. ಇದರಲ್ಲಿ ಒಮ್ಮೆ ಫೇಲಾದರೆ ಫ್ಲೈಯಿಂಗ್ ಬ್ರಾಂಚ್‌ಗೆ ಮತ್ತೆ ಅರ್ಜಿ ಹಾಕುವಂತಿಲ್ಲ. ಪಿಯುಸಿ ಆದಮೇಲಿನ ಎನ್‌ಡಿಎ ಮೂಲಕ ಹೋಗಿ ಫೇಲಾಗಿದ್ದರೂ ಅಷ್ಟೇ, ಡಿಗ್ರಿ ಆದಮೇಲಿನ ಸಿಡಿಎಸ್ ಮೂಲಕ ಆದರೂ ಅಷ್ಟೇ, ಬಾಗಿಲು ಎಲ್ಲ ಕಡೆಯೂ ಮುಚ್ಚುತ್ತದೆ. ಇಲ್ಲಿವರೆಗೆ ನಿಮ್ಮ ಸ್ನೇಹಿತರ ಮಾತು ಸರಿ. ಅವರು ಬಿಟ್ಟಿದ್ದು ಏನೆಂದರೆ, ಈ ಪರೀಕ್ಷೆಗೆ ಎಲ್ಲರನ್ನೂ ಕೂರಿಸುವುದಿಲ್ಲ. ವಾಯುಪಡೆಯ ಆಯ್ಕೆ ಮಂಡಳಿಯಾದ ಎಎಫ್‌ಎಸ್‌ಬಿಯಲ್ಲಿ ಸ್ಕ್ರೀನಿಂಗ್, ಸೈಕಾಲಜಿ, ಜಿಟಿಒ (ಮೈದಾನದ ಗುಂಪು ಪರೀಕ್ಷೆ), ಇಂಟರ್‌ವ್ಯೂ ಎಲ್ಲ ಮುಗಿದು, ಫ್ಲೈಯಿಂಗ್ ಬ್ರಾಂಚ್‌ಗೆ ರೆಕಮೆಂಡ್ ಆದವರಿಗೆ ಮಾತ್ರ ಅದು. ಅಂದರೆ ಎಎಫ್‌ಕ್ಯಾಟ್‌ನಲ್ಲಿ ಕಡಿಮೆ ಅಂಕ ಬಂದರೆ ನಿಮ್ಮ ಸಿಪಿಎಸ್‌ಎಸ್ ಅವಕಾಶ ಹಾಗೇ ಉಳಿದಿರುತ್ತದೆ. ಎಎಫ್‌ಎಸ್‌ಬಿಯಲ್ಲಿ ಮೊದಲ ದಿನವೇ ಸ್ಕ್ರೀನ್ಡ್ ಔಟ್ ಆಗಿ ಮನೆಗೆ ಬಂದರೂ ಉಳಿದಿರುತ್ತದೆ. ಮೊದಲೆರಡು ಹಂತಕ್ಕೆ ಧೈರ್ಯವಾಗಿ ಹೋಗಿ, ಅಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲ.

ನಿಮ್ಮ ವಯಸ್ಸನ್ನೂ ನೋಡೋಣ. ಫ್ಲೈಯಿಂಗ್ ಬ್ರಾಂಚ್‌ಗೆ ಕೋರ್ಸ್ ಶುರುವಾಗುವ ಹೊತ್ತಿಗೆ 20ರಿಂದ 24 ವರ್ಷ ಇರಬೇಕು. ನಾಗರಿಕ ವಿಮಾನಯಾನ ನೋಡಿಕೊಳ್ಳುವ ಡಿಜಿಸಿಎ ಕೊಟ್ಟ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದರೆ 26ರವರೆಗೆ. ಎಎಫ್‌ಕ್ಯಾಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಅಧಿಸೂಚನೆ ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್ ಸುಮಾರಿಗೆ ಬರುತ್ತದೆ, ಅದರ ಕೋರ್ಸ್ ಶುರುವಾಗುವುದು ಹೆಚ್ಚುಕಡಿಮೆ ಒಂದು ವರ್ಷದ ಮೇಲೆ. ಈ ಲೆಕ್ಕದಲ್ಲಿ 21 ತುಂಬಿದ ನಿಮಗೆ ಸುಮಾರು ನಾಲ್ಕು ಪ್ರಯತ್ನಗಳಿವೆ. ವಯಸ್ಸನ್ನು ಪರೀಕ್ಷೆಯ ದಿನಕ್ಕೆ ಲೆಕ್ಕ ಹಾಕಿ ಎಡವುವವರು ಜಾಸ್ತಿ. ಲೆಕ್ಕ ಹಾಕಬೇಕಾದದ್ದು ಕೋರ್ಸ್ ಶುರುವಾಗುವ ದಿನಕ್ಕೆ. ಇನ್ನು ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾತ್ಸ್ ಎರಡರಲ್ಲೂ ತಲಾ 50 ಪರ್ಸೆಂಟ್, ಬಿಇಯಲ್ಲಿ 60 ಪರ್ಸೆಂಟ್ ಬೇಕು. ಕೊನೆಯ ಸೆಮಿಸ್ಟರ್‌ನಲ್ಲಿರುವವರೂ ಅರ್ಜಿ ಹಾಕಬಹುದು. ಬ್ಯಾಕ್‌ಲಾಗ್ ಇದ್ದರೆ ಎಎಫ್‌ಕ್ಯಾಟ್ ಪುಸ್ತಕ ಪಕ್ಕಕ್ಕಿಟ್ಟು ಮೊದಲು ಅದನ್ನು ಮುಗಿಸಿ.

ಈಗ ಎಎಫ್‌ಕ್ಯಾಟ್. ಎರಡು ಗಂಟೆ, 100 ಪ್ರಶ್ನೆ, 300 ಅಂಕ. ಸರಿ ಉತ್ತರಕ್ಕೆ 3, ತಪ್ಪಿಗೆ ಒಂದು ಕಳೆಯುತ್ತಾರೆ. ಜನರಲ್ ಅವೇರ್‌ನೆಸ್, ಇಂಗ್ಲಿಷ್, ಗಣಿತ, ರೀಸನಿಂಗ್ ಮತ್ತು ಮಿಲಿಟರಿ ಆಪ್ಟಿಟ್ಯೂಡ್, ಇಷ್ಟೇ ವಿಷಯ. ಗಣಿತ ಹೈಸ್ಕೂಲ್ ಮಟ್ಟದ್ದು: ಶೇಕಡಾವಾರು, ಅನುಪಾತ, ಸರಾಸರಿ, ಲಾಭ ನಷ್ಟ, ಸಮಯ ಮತ್ತು ಕೆಲಸ, ರೈಲು ದೋಣಿಯ ಲೆಕ್ಕಗಳು. ಎಂಜಿನಿಯರಿಂಗ್ ಓದಿದವರು ಇದನ್ನು ನೋಡಿ ಸುಲಭ ಅಂದುಕೊಳ್ಳುತ್ತಾರೆ, ಆಮೇಲೆ ಪರೀಕ್ಷೆಯಲ್ಲಿ ಸಮಯ ಸಾಲದೆ ಒದ್ದಾಡುತ್ತಾರೆ. ಒಂದು ಪ್ರಶ್ನೆಗೆ ಸರಾಸರಿ 72 ಸೆಕೆಂಡ್ ಸಿಗುತ್ತದೆ. ಲೆಕ್ಕ ಬರುತ್ತದಾ ಅನ್ನುವುದು ಅಲ್ಲಿ ದೊಡ್ಡ ವಿಷಯವೇ ಅಲ್ಲ. ಕ್ಯಾಲ್ಕುಲೇಟರ್ ಇಲ್ಲದೆ, ಕೈ ನಡುಗದೆ, ಒಂದು ನಿಮಿಷದಲ್ಲಿ ಮುಗಿಯುತ್ತದಾ ಅನ್ನುವುದೇ ವಿಷಯ. ಗಂಟೆಗೆ 360 ಕಿಲೋಮೀಟರ್ ಅಂದ ತಕ್ಷಣ ಸೆಕೆಂಡಿಗೆ 100 ಮೀಟರ್ ಅಂತ ತಲೆಗೆ ಬರಬೇಕು. ಎಂಟರಲ್ಲಿ ಮೂರು ಭಾಗ ಅಂದರೆ 37.5 ಪರ್ಸೆಂಟ್ ಅಂತ ಹೊಳೆಯಬೇಕು. ದಿನಾ ಅರ್ಧ ಗಂಟೆ ಬರೀ ಬಾಯಿಲೆಕ್ಕ ಮಾಡಿ. ಇದು ಮುಂದೆ ಸಿಪಿಎಸ್‌ಎಸ್‌ಗೂ ಉಪಯೋಗಕ್ಕೆ ಬರುತ್ತದೆ, ವಿಮಾನ ಹಾರಿಸುವಾಗಲೂ ಬರುತ್ತದೆ. 420 ನಾಟ್, ಅಂದರೆ ಗಂಟೆಗೆ 420 ನಾಟಿಕಲ್ ಮೈಲಿ ವೇಗದಲ್ಲಿ ಹೋಗುವ ಪೈಲಟ್ ನಿಮಿಷಕ್ಕೆ ಏಳು ನಾಟಿಕಲ್ ಮೈಲಿ ಅಂತ ಯೋಚನೆ ಮಾಡದೆ ಹೇಳುತ್ತಾನೆ.

ಮೈನಸ್ ಅಂಕದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಇಬ್ಬರು ಎರಡು ತರ ಹಾಳಾಗುತ್ತಾರೆ. ಒಬ್ಬ ಹೆದರಿ 50 ಪ್ರಶ್ನೆಗೆ ನಿಲ್ಲಿಸುತ್ತಾನೆ. ಇನ್ನೊಬ್ಬ ಎಲ್ಲದಕ್ಕೂ ಕ್ಲಿಕ್ ಮಾಡುತ್ತಾನೆ. ಲೆಕ್ಕ ಹಾಕಿ ನೋಡಿ. ನಾಲ್ಕು ಆಯ್ಕೆಯಲ್ಲಿ ಏನೂ ಗೊತ್ತಿಲ್ಲದೆ ಕಣ್ಣುಮುಚ್ಚಿ ಒತ್ತಿದರೆ, ನಾಲ್ಕು ಸಲಕ್ಕೆ ಒಂದು ಸಲ ಸರಿಯಾಗಿ 3 ಬರುತ್ತದೆ, ಮೂರು ಸಲ ತಪ್ಪಾಗಿ 3 ಹೋಗುತ್ತದೆ. ಕೊನೆಗೆ ಸೊನ್ನೆ. ಸುಮ್ನೆ ಸಮಯ ದಂಡ. ಆದರೆ ಒಂದು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾದರೂ ಸಾಕು, ಲೆಕ್ಕ ನಿಮ್ಮ ಕಡೆ ವಾಲುತ್ತದೆ. ಎರಡನ್ನು ತೆಗೆದುಹಾಕಿ ಉಳಿದ ಎರಡರಲ್ಲಿ ಒಂದು ಒತ್ತಿದರೆ ಸರಾಸರಿ ಪ್ರಶ್ನೆಗೆ ಒಂದು ಅಂಕ ಲಾಭ. ಹಾಗಾಗಿ ಎರಡರ ನಡುವೆ ಅನುಮಾನ ಇದ್ದರೆ ಒತ್ತಿ, ನಾಲ್ಕೂ ಒಂದೇ ತರ ಕಂಡರೆ ಬಿಡಿ. 70 ಪ್ರಶ್ನೆ ಮುಟ್ಟಿ 58 ಸರಿ ಮಾಡಿದವನಿಗೆ 162 ಬರುತ್ತದೆ. 90 ಮುಟ್ಟಿ 60 ಸರಿ ಮಾಡಿದವನಿಗೆ 150. ಎರಡು ಜಾಸ್ತಿ ಸರಿ ಮಾಡಿದವನೇ ಹಿಂದೆ ಬಿದ್ದ! ಕಳೆದ ಕೆಲವು ವರ್ಷಗಳ ಕಟ್‌ಆಫ್ ಹೆಚ್ಚುಕಡಿಮೆ 130ರಿಂದ 165ರ ನಡುವೆ ಓಡಾಡಿದೆ, ಅಂದಮೇಲೆ ಈ ಹನ್ನೆರಡು ಅಂಕ ಎಷ್ಟು ದೊಡ್ಡದು ಅಂತ ನೀವೇ ನೋಡಿ.

ಇಂಗ್ಲಿಷ್ ಭಾಗಕ್ಕೆ ದಿನಾ ಒಂದು ಸಂಪಾದಕೀಯ ಓದಿ, ಗೊತ್ತಿಲ್ಲದ ಪದ ಬರೆದಿಟ್ಟುಕೊಳ್ಳಿ, ಹಳೆಯ ಪ್ರಶ್ನೆಗಳಲ್ಲಿ ಬಂದ ನುಡಿಗಟ್ಟು, ಸಮಾನಾರ್ಥಕ, ವಿರುದ್ಧಾರ್ಥಕ ಪದಗಳನ್ನು ಮೊದಲು ಮುಗಿಸಿ. ಜಿಕೆಗೆ ರಕ್ಷಣಾ ಸುದ್ದಿ, ಕ್ರೀಡೆ, ಇತಿಹಾಸದ ಮುಖ್ಯ ಘಟನೆಗಳು. ಅದು ಸಮುದ್ರ, ಅದರಲ್ಲೇ ಮುಳುಗಬೇಡಿ. ಗೊತ್ತಿದ್ದರೆ ಗೊತ್ತು, ಇಲ್ಲವಾದರೆ ಹತ್ತು ಸೆಕೆಂಡಿನಲ್ಲಿ ಮುಂದಕ್ಕೆ ಹೋಗಿ. ಅಲ್ಲಿ ಉಳಿದ ಸಮಯ ಗಣಿತಕ್ಕೆ ಬೇಕು.

ಚಿತ್ರಗಳ ರೀಸನಿಂಗ್ ಬೇರೆ ಮಾತು. ಅಡಗಿರುವ ಆಕೃತಿ ಹುಡುಕುವುದು, ಅರ್ಧ ಚಿತ್ರ ಪೂರ್ತಿ ಮಾಡುವುದು, ತಿರುಗಿಸಿದ ಆಕೃತಿ ಗುರುತಿಸುವುದು, ಇಂಥವು ಇಲ್ಲಿ ಅಂಕ ತರುತ್ತವೆ, ಜೊತೆಗೆ ಮುಂದಿನ ಎರಡೂ ಹಂತಕ್ಕೆ ಅಡಿಪಾಯ ಹಾಕುತ್ತವೆ. ಎಎಫ್‌ಎಸ್‌ಬಿಯ ಮೊದಲ ದಿನದ ಒಐಆರ್ ಅನ್ನುವ ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಇದೇ ಜಾತಿಯ ಪ್ರಶ್ನೆಗಳಿವೆ. ಸಿಪಿಎಸ್‌ಎಸ್‌ನಲ್ಲೂ ಮನಸ್ಸಿನಲ್ಲೇ ಆಕಾರ ತಿರುಗಿಸುವ ಶಕ್ತಿ ಬೇಕು. ಈ ಶಕ್ತಿ ಅಭ್ಯಾಸದಿಂದ ಬೆಳೆಯುತ್ತದೆ. ಆದರೆ ವಾರದಲ್ಲಿ ಬರುವುದಿಲ್ಲ, ತಿಂಗಳುಗಳು ಹಿಡಿಯುತ್ತದೆ. ಅದಕ್ಕೇ ಇವತ್ತೇ ಶುರು ಮಾಡಿ ಅನ್ನುತ್ತೇನೆ.

ಕೋಚಿಂಗ್ ಬೇಕಾ ಅಂತ ಕೇಳಿದ್ದೀರಿ. ಎಎಫ್‌ಕ್ಯಾಟ್‌ಗೆ ಬೇಡ. ಬಿಇ ಮುಗಿಸುತ್ತಿರುವ ಹುಡುಗನಿಗೆ ಹಳೆಯ ಪ್ರಶ್ನೆಗಳು, ಗಡಿಯಾರ, ಕಂಪ್ಯೂಟರ್‌ನಲ್ಲಿ ಬರೆಯುವ ಮಾಕ್ ಟೆಸ್ಟ್‌ಗಳು ಸಾಕು. ಕಾಗದದ ಮೇಲೆ ಅಭ್ಯಾಸ ಮಾಡಿ ಪರದೆ ಮುಂದೆ ಕೂತವರು ಚಿತ್ರದ ಪ್ರಶ್ನೆಗಳಲ್ಲಿ ನಿಧಾನವಾಗುತ್ತಾರೆ, ಹಾಗಾಗಿ ಮಾಕ್‌ಗಳು ಪರದೆಯ ಮೇಲೇ ಇರಲಿ.

ಈಗ ಎಎಫ್‌ಎಸ್‌ಬಿ. ಡೆಹ್ರಾಡೂನ್, ಮೈಸೂರು, ಗಾಂಧಿನಗರ, ವಾರಾಣಸಿ ಹೀಗೆ ಕೇಂದ್ರಗಳಿವೆ. ಮೊದಲ ದಿನ ಒಐಆರ್ ಮತ್ತು ಪಿಪಿಡಿಟಿ. ಪಿಪಿಡಿಟಿಯಲ್ಲಿ ಒಂದು ಮಸುಕು ಚಿತ್ರವನ್ನು 30 ಸೆಕೆಂಡ್ ತೋರಿಸುತ್ತಾರೆ, ಸುಮಾರು ನಾಲ್ಕು ನಿಮಿಷದಲ್ಲಿ ಅದರ ಮೇಲೆ ಕತೆ ಬರೆಯಬೇಕು, ಆಮೇಲೆ ಅದನ್ನು ಗುಂಪಿನ ಮುಂದೆ ಹೇಳಬೇಕು, ನಂತರ ಎಲ್ಲರೂ ಸೇರಿ ಚರ್ಚೆ. ಅವತ್ತೇ ಫಲಿತಾಂಶ, ಉಳಿಯದವರನ್ನು ಅವತ್ತೇ ವಾಪಸ್ ಕಳಿಸುತ್ತಾರೆ. ಉಳಿದವರಿಗೆ ಮುಂದಿನ ದಿನಗಳಲ್ಲಿ ಸೈಕಾಲಜಿ: 12 ಚಿತ್ರಗಳಿಗೆ ಕತೆ, ಅದರಲ್ಲಿ ಒಂದು ಖಾಲಿ ಚಿತ್ರ. 60 ಪದಗಳು, ಒಂದೊಂದಕ್ಕೆ 15 ಸೆಕೆಂಡಿನಲ್ಲಿ ಒಂದು ವಾಕ್ಯ. 30 ನಿಮಿಷದಲ್ಲಿ 60 ಸನ್ನಿವೇಶಗಳಿಗೆ ಪ್ರತಿಕ್ರಿಯೆ. ಆಮೇಲೆ ನಿಮ್ಮ ಬಗ್ಗೆ ನೀವೇ ಬರೆಯುವುದು. ಜಿಟಿಒ ಮೈದಾನದಲ್ಲಿ ಗುಂಪು ಕೆಲಸಗಳು, ಅಡೆತಡೆ ದಾಟುವುದು. ಮತ್ತೆ ಇಂಟರ್‌ವ್ಯೂ.

ನಿಮ್ಮ ಇಂಗ್ಲಿಷ್ ಹಿಂಜರಿಕೆಗೆ ಉತ್ತರ ಇಲ್ಲೇ ಇದೆ. ಇದೆಲ್ಲ ಇಂಗ್ಲಿಷ್‌ನಲ್ಲಿ ನಡೆಯುತ್ತದೆ, ನಿಜ. ಆದರೆ ಅಲ್ಲಿ ಕೂತಿರುವ ಅಧಿಕಾರಿಗಳು ನಿಮ್ಮ ಉಚ್ಚಾರಣೆಗೆ ಅಂಕ ಹಾಕಲು ಕೂತಿಲ್ಲ. ಈ ಹುಡುಗನಿಗೆ ನಾಳೆ ಹತ್ತು ಜನರ ಜವಾಬ್ದಾರಿ ಕೊಟ್ಟರೆ ಹೊರುತ್ತಾನಾ ಅಂತ ನೋಡುತ್ತಿದ್ದಾರೆ. ಚಿಕ್ಕ ಚಿಕ್ಕ ವಾಕ್ಯದಲ್ಲಿ, ಗಟ್ಟಿ ದನಿಯಲ್ಲಿ, ಹೇಳಬೇಕಾದ್ದನ್ನು ಹೇಳಿದರೆ ಸಾಕು. ದೊಡ್ಡ ಪದ ಹುಡುಕಿ ಮಧ್ಯದಲ್ಲಿ ತಡವರಿಸುವವನಿಗಿಂತ ಸಾದಾ ಮಾತಿನಲ್ಲಿ ಪೂರ್ತಿ ಮಾಡುವವನೇ ಮೇಲು. ಅಭ್ಯಾಸ ಹೇಗೆ ಅಂದರೆ, ದಿನಾ ಪತ್ರಿಕೆಯ ಒಂದು ಫೋಟೋ ನೋಡಿ, ನಾಲ್ಕು ನಿಮಿಷ ಬರೆಯಿರಿ, ಒಂದು ನಿಮಿಷ ಗಟ್ಟಿಯಾಗಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿ. ಮೊದಲ ವಾರ ನಿಮ್ಮ ದನಿ ನಿಮಗೇ ಕಿರಿಕಿರಿ ಅನ್ನಿಸುತ್ತದೆ. ಬಿಡಬೇಡಿ. ಕನ್ನಡ ಮೀಡಿಯಂನಿಂದ ಬಂದ ಎಷ್ಟೋ ಹುಡುಗರು ಈ ಒಂದು ಅಭ್ಯಾಸದಿಂದ ಮಾತಿಗೆ ಇಳಿದಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮತ್ತೊಂದು ಮಾತು: ಪದಗಳಿಗೆ ಸಿದ್ಧ ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಬೇಡಿ. ನಿಮ್ಮ ಕತೆ, ವಾಕ್ಯ, ಮೈದಾನದ ನಡವಳಿಕೆ, ಇಂಟರ್‌ವ್ಯೂ ಎಲ್ಲವನ್ನೂ ಬೇರೆ ಬೇರೆ ಅಧಿಕಾರಿಗಳು ನೋಡಿ ಕೊನೆಗೆ ಒಟ್ಟಿಗೆ ಕೂತು ತಾಳೆ ಹಾಕುತ್ತಾರೆ. ಕಾಗದದ ಮೇಲೆ ಸಿಂಹ, ಮೈದಾನದಲ್ಲಿ ಮೂಲೆ ಹಿಡಿದವನು ಅಂದರೆ ಅಲ್ಲೇ ಗೊತ್ತಾಗುತ್ತದೆ.

ಸರಿ, ಸಿಪಿಎಸ್‌ಎಸ್‌ಗೆ ಬರೋಣ. ನಿಮ್ಮ ನಿಜವಾದ ಪ್ರಶ್ನೆ ಅದೇ ಅಲ್ವಾ.

ಇದು ಜ್ಞಾನದ ಪರೀಕ್ಷೆ ಅಲ್ಲ. ವಿಮಾನದ ಬಗ್ಗೆ ನಿಮಗೆ ಎಷ್ಟು ಗೊತ್ತು ಅಂತ ಯಾರೂ ಕೇಳುವುದಿಲ್ಲ. ಎರಡು ಮೂರು ಕಡೆಯಿಂದ ಒಟ್ಟಿಗೆ ಮಾಹಿತಿ ಬರುತ್ತಿರುವಾಗ ನಿಮ್ಮ ಗಮನ ಹೇಗೆ ಹಂಚಿಕೊಳ್ಳುತ್ತದೆ, ಕಣ್ಣು ನೋಡಿದ್ದಕ್ಕೆ ಕೈಕಾಲು ಎಷ್ಟು ಬೇಗ, ಎಷ್ಟು ಅಳತೆಯಲ್ಲಿ ಸ್ಪಂದಿಸುತ್ತದೆ ಅಂತ ನೋಡುತ್ತಾರೆ. ಹಳೆಯ ಪಿಎಬಿಟಿಯಲ್ಲಿ ಮೂರು ಭಾಗ ಇತ್ತು. ವಿಮಾನದ ಡಯಲ್‌ಗಳನ್ನು ಓದುವುದು. ಜಾಯ್‌ಸ್ಟಿಕ್ ಮತ್ತು ಪೆಡಲ್‌ನಿಂದ ಓಡಾಡುವ ಬೆಳಕಿನ ಚುಕ್ಕೆಯನ್ನು ನಡುವೆ ನಿಲ್ಲಿಸುತ್ತಾ, ಮಧ್ಯೆ ಬರುವ ಲೈಟು ಮತ್ತು ಸದ್ದಿಗೆ ಪ್ರತಿಕ್ರಿಯೆ ಕೊಡುವುದು. ಓಡುವ ದಾರಿಯಲ್ಲಿ ಚುಕ್ಕೆಯನ್ನು ದಾರಿ ತಪ್ಪದಂತೆ ನಡೆಸುವುದು. ಸಿಪಿಎಸ್‌ಎಸ್ ಕಂಪ್ಯೂಟರ್ ಮೇಲೆ ಬಂದಿದೆ, ಪರೀಕ್ಷೆಗಳ ಸಂಖ್ಯೆ ಹೆಚ್ಚಿದೆ, ಆದರೆ ಅಳೆಯುವ ಗುಣಗಳು ಇವೇ.

ಮೊದಲು ಡಯಲ್‌ಗಳು. ಇದರಲ್ಲಿ ತಯಾರಿ ಪೂರ್ತಿ ನಿಮ್ಮ ಕೈಯಲ್ಲಿದೆ. ಪರೀಕ್ಷೆಗೆ ಮುಂಚೆ ಅಲ್ಲೇ ವಿವರಿಸುತ್ತಾರೆ ನಿಜ, ಆದರೆ ಆ ಹೊತ್ತಿಗೆ ಮೊದಲ ಸಲ ಕಲಿಯುವವನಿಗೂ ಆರು ಡಯಲ್ ಮೊದಲೇ ಪರಿಚಯ ಇರುವವನಿಗೂ ತುಂಬಾ ವ್ಯತ್ಯಾಸ.

ಎತ್ತರ ತೋರಿಸುವ ಆಲ್ಟಿಮೀಟರ್ ತೆಗೆದುಕೊಳ್ಳಿ. ಮುಖದ ಮೇಲೆ 0ರಿಂದ 9ರವರೆಗೆ ಅಂಕಿ. ಉದ್ದ ಮುಳ್ಳು ನೂರು ಅಡಿಗಳನ್ನು ತೋರಿಸುತ್ತದೆ, ಗಿಡ್ಡ ಮುಳ್ಳು ಸಾವಿರಗಳನ್ನು. ಉದ್ದ ಮುಳ್ಳು 5ರ ಮೇಲೆ, ಗಿಡ್ಡ ಮುಳ್ಳು 3 ಮತ್ತು 4ರ ನಡುವೆ ಇದ್ದರೆ 3500 ಅಡಿ. ಇಲ್ಲಿವರೆಗೆ ಯಾರೂ ತಪ್ಪು ಮಾಡುವುದಿಲ್ಲ. ಈಗ ಉದ್ದ ಮುಳ್ಳು 9ರ ಮೇಲೆ, ಗಿಡ್ಡ ಮುಳ್ಳು 5ಕ್ಕೆ ತಾಗಿದಂತೆ ಇದೆ ಅಂದುಕೊಳ್ಳಿ. ಆತುರದಲ್ಲಿ ನೋಡಿದವನು 5900 ಅನ್ನುತ್ತಾನೆ. ಸರಿ ಉತ್ತರ 4900. ನೂರರ ಮುಳ್ಳು ಇನ್ನೂ 9ರಲ್ಲಿದೆ ಅಂದರೆ ಐದು ಸಾವಿರ ಇನ್ನೂ ಪೂರ್ತಿಯಾಗಿಲ್ಲ, ಗಿಡ್ಡ ಮುಳ್ಳು 5ಕ್ಕೆ ಹತ್ತಿರ ಬಂದಿದೆ ಅಷ್ಟೇ. ಉತ್ತರದ ಆಯ್ಕೆಗಳಲ್ಲಿ ಎರಡೂ ಇದ್ದರೆ ಒಂದು ಸಾವಿರ ಅಡಿಯ ತಪ್ಪು ಗ್ಯಾರಂಟಿ. ನಿಜವಾದ ಕಾಕ್‌ಪಿಟ್‌ನಲ್ಲಿ ಈ ತಪ್ಪಿನ ಬೆಲೆ ಏನು ಅಂತ ಹೇಳಬೇಕಾಗಿಲ್ಲ. ಯಾವಾಗಲೂ ಗಿಡ್ಡ ಮುಳ್ಳು ದಾಟಿ ಬಂದ ಅಂಕಿಯನ್ನು ಹಿಡಿಯಿರಿ, ಮುಂದೆ ಕಾಣುವ ಅಂಕಿಯನ್ನಲ್ಲ.

ಇನ್ನೊಂದು, ವಿಮಾನ ಯಾವ ಕಡೆ ವಾಲಿದೆ ಅಂತ ತೋರಿಸುವ ಆರ್ಟಿಫಿಶಿಯಲ್ ಹೊರೈಜನ್. ಮೇಲೆ ನೀಲಿ ಆಕಾಶ, ಕೆಳಗೆ ಕಂದು ನೆಲ, ನಡುವೆ ಒಂದು ಗೆರೆ, ಅದರ ಮುಂದೆ ಪುಟ್ಟ ವಿಮಾನದ ಗುರುತು. ಗುರುತು ಡಯಲ್‌ನಲ್ಲಿ ಅಲ್ಲಾಡುವುದಿಲ್ಲ, ಹಿಂದಿನ ಗೆರೆ ವಾಲುತ್ತದೆ. ಗೊಂದಲ ಆಗುವುದು ಇಲ್ಲೇ. ವಿಮಾನ ಬಲಕ್ಕೆ ವಾಲಿದಾಗ ಗೆರೆ ಎಡಕ್ಕೆ ವಾಲಿದಂತೆ ಕಾಣುತ್ತದೆ, ಅದರ ಬಲ ತುದಿ ಮೇಲಕ್ಕೆ ಏರಿರುತ್ತದೆ. ಗೆರೆ ನೋಡಿ ಉತ್ತರ ಹೇಳಿದರೆ ಉಲ್ಟಾ ಆಗುತ್ತದೆ. ಹಾಗಾಗಿ ಗೆರೆಯನ್ನು ನೋಡಬೇಡಿ, ಪುಟ್ಟ ವಿಮಾನದ ರೆಕ್ಕೆಗಳನ್ನು ನೋಡಿ. ಯಾವ ರೆಕ್ಕೆ ಕಂದು ಬಣ್ಣದೊಳಗೆ ಇಳಿದಿದೆಯೋ ವಿಮಾನ ಆ ಕಡೆ ವಾಲಿದೆ. ವಿಮಾನದ ಗುರುತು ನೀಲಿಯಲ್ಲಿದ್ದರೆ ಮೂತಿ ಮೇಲಕ್ಕಿದೆ, ಕಂದಿನಲ್ಲಿದ್ದರೆ ಕೆಳಕ್ಕೆ. ಇದೊಂದು ಗಟ್ಟಿಯಾದರೆ ವಿಮಾನದ ಭಂಗಿ ಗುರುತಿಸುವ ಪ್ರಶ್ನೆಗಳಲ್ಲಿ ಅರ್ಧ ಕೆಲಸ ಮುಗಿದಂತೆ.

ಉಳಿದವು ಸುಲಭ. ದಿಕ್ಕಿನ ಡಯಲ್‌ನಲ್ಲಿ ಕೊನೆಯ ಸೊನ್ನೆ ಬಿಟ್ಟಿರುತ್ತಾರೆ, 9 ಅಂದರೆ 90 ಡಿಗ್ರಿ ಪೂರ್ವ, 18 ದಕ್ಷಿಣ, 27 ಪಶ್ಚಿಮ, 33 ಅಂದರೆ 330. ಬಲಕ್ಕೆ ತಿರುಗಿದರೆ ಅಂಕಿ ಏರುತ್ತದೆ. ವೇಗದ ಡಯಲ್ ನಾಟ್‌ನಲ್ಲಿ, ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಏರುವ ಇಳಿಯುವ ವೇಗದ ಡಯಲ್‌ನಲ್ಲಿ ಸೊನ್ನೆಯಿಂದ ಮೇಲೆ ಏರಿಕೆ, ಕೆಳಗೆ ಇಳಿಕೆ, ನಿಮಿಷಕ್ಕೆ ಎಷ್ಟು ಅಡಿ ಅಂತ. ಟರ್ನ್ ಇಂಡಿಕೇಟರ್‌ನಲ್ಲಿ ಚೆಂಡು ನಡುವೆ ಇದ್ದರೆ ತಿರುವು ಸರಿಯಾಗಿದೆ, ತಿರುವಿನ ಒಳಗೆ ಜಾರಿದರೆ ಸ್ಲಿಪ್, ಹೊರಕ್ಕೆ ಹೋದರೆ ಸ್ಕಿಡ್. ಎಲ್ಲ ಬೇರೆ ಬೇರೆ ಕಲಿತ ಮೇಲೆ ಒಟ್ಟಿಗೆ ಓದಿ, ವಿಮಾನ ಏನು ಮಾಡುತ್ತಿದೆ ಅಂತ ಒಂದೇ ವಾಕ್ಯದಲ್ಲಿ ಹೇಳಿ: 4900 ಅಡಿಯಲ್ಲಿ, ಪಶ್ಚಿಮಕ್ಕೆ, ಬಲಕ್ಕೆ ವಾಲಿ, ಏರುತ್ತಿದೆ. ಹೀಗೆ ಹೇಳಲು ಐದು ಸೆಕೆಂಡ್ ಸಾಕಾಗುವಷ್ಟು ಅಭ್ಯಾಸ ಬೇಕು.

ಈಗ ಕೈಕಾಲಿನ ಭಾಗ. ಜನ ಜಾಸ್ತಿ ಹೆದರುವುದು ಇದಕ್ಕೆ, ಜಾಸ್ತಿ ದುಡ್ಡು ಕಳೆದುಕೊಳ್ಳುವುದೂ ಇದಕ್ಕೆ. ಸಿಪಿಎಸ್‌ಎಸ್ ತರಹದ್ದೇ ಯಂತ್ರ ಇದೆ, ಬನ್ನಿ, ಪಾಸ್ ಗ್ಯಾರಂಟಿ ಅಂತ ಹೇಳುವವರು ಇದ್ದಾರೆ. ಗ್ಯಾರಂಟಿ ಯಾರೂ ಕೊಡಲಾರರು. ಸ್ಟಿಕ್ ಮತ್ತು ಪೆಡಲ್ ಹಿಡಿದು ಅಭ್ಯಾಸ ಇಲ್ಲದವನಿಗೆ ಸ್ವಲ್ಪ ಪರಿಚಯ ಆಗುವುದು ಒಳ್ಳೆಯದೇ, ಅದನ್ನು ಒಂದು ಸಾದಾ ಜಾಯ್‌ಸ್ಟಿಕ್ ಮತ್ತು ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್‌ನಿಂದಲೂ ಮಾಡಿಕೊಳ್ಳಬಹುದು. ಆದರೆ ಕೀಬೋರ್ಡ್‌ನಲ್ಲಿ ಆಡಬೇಡಿ. ಕೀ ಅಂದರೆ ಒತ್ತಿದೆ ಅಥವಾ ಬಿಟ್ಟೆ, ಅಷ್ಟೇ. ಎಷ್ಟು ಒತ್ತಬೇಕು ಅನ್ನುವುದೇ ಅಲ್ಲಿಲ್ಲ, ಇಲ್ಲಿ ಅಳೆಯುವುದು ಅದನ್ನೇ. ಇನ್ನೊಂದು, ವಿಮಾನದಲ್ಲಿ ಸ್ಟಿಕ್ ಹಿಂದಕ್ಕೆ ಎಳೆದರೆ ಮೂತಿ ಮೇಲೆ ಹೋಗುತ್ತದೆ. ಮೊಬೈಲ್ ಆಟಗಳಲ್ಲಿ ಇದಕ್ಕೆ ಉಲ್ಟಾ ಅಭ್ಯಾಸ ಆಗಿದ್ದರೆ ಈಗಲೇ ಬಿಡಿಸಿಕೊಳ್ಳಿ. ಹಾಗಂತ ಪರೀಕ್ಷೆಯಲ್ಲೂ ಹೀಗೇ ಇರುತ್ತದೆ ಅಂತ ಅಂದುಕೊಂಡು ಕೂರಬೇಡಿ. ಯಾವ ಕಡೆ ತಳ್ಳಿದರೆ ಚುಕ್ಕೆ ಯಾವ ಕಡೆ ಹೋಗುತ್ತದೆ ಅಂತ ಅಲ್ಲಿ ಹೇಳಿಕೊಡುತ್ತಾರೆ. ಅದನ್ನು ಒಂದೊಂದು ಪದ ಬಿಡದೆ ಕೇಳಿ. ಹೇಳಿಕೊಟ್ಟಿದ್ದನ್ನು ಬೇಗ ಕಲಿಯುತ್ತಾನಾ ಅನ್ನುವುದೂ ಪೈಲಟ್‌ಗೆ ಬೇಕಾದ ಗುಣವೇ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ಜಾಸ್ತಿ ತಿದ್ದುವುದು. ಚುಕ್ಕೆ ಎಡಕ್ಕೆ ಹೋಯಿತು, ಜೋರಾಗಿ ಬಲಕ್ಕೆ ತಳ್ಳಿದ. ಅದು ನಡುವನ್ನು ದಾಟಿ ಬಲಕ್ಕೆ ಓಡಿತು, ಗಾಬರಿಯಲ್ಲಿ ಇನ್ನೂ ಜೋರಾಗಿ ಎಡಕ್ಕೆ. ಸೈಕಲ್ ಕಲಿಯುವವನು ಹ್ಯಾಂಡಲ್ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿದ ಹಾಗೆ. ಪರಿಹಾರ ಹೇಳುವುದು ಸುಲಭ, ಮಾಡಲು ತಾಳ್ಮೆ ಬೇಕು: ಸ್ವಲ್ಪ ತಳ್ಳಿ, ಕಾಯಿರಿ, ಚುಕ್ಕೆ ನಡುವಿನ ಕಡೆ ಬರಲು ಶುರುವಾದಾಗಲೇ ಒತ್ತಡ ಬಿಡಲು ಶುರು ಮಾಡಿ. ನಡುವೆ ಬಂದ ಮೇಲೆ ಬಿಡುತ್ತೇನೆ ಅಂದರೆ ತಡವಾಯಿತು. ಸ್ಟಿಕ್ ಅನ್ನು ಮುಷ್ಟಿಯಲ್ಲಿ ಬಿಗಿಹಿಡಿಯಬೇಡಿ, ಬೆರಳಲ್ಲಿ ಹಿಡಿಯಿರಿ. ಕೈ ಬಿಗಿಯಾದರೆ ಭುಜ ಬಿಗಿಯಾಗುತ್ತದೆ, ಆಮೇಲೆ ಕಾಲೂ ಬಿಗಿಯಾಗಿ ಪೆಡಲ್ ಹಾಳಾಗುತ್ತದೆ.

ಗಮನ ಹಂಚುವ ಅಭ್ಯಾಸವೂ ಹೀಗೇ. ಚುಕ್ಕೆ ನೋಡಿಕೊಳ್ಳುವಾಗ ಲೈಟು ಬಂತು, ಪೂರ್ತಿ ಗಮನ ಲೈಟಿಗೆ ಹೋಯಿತು, ಅಷ್ಟರಲ್ಲಿ ಚುಕ್ಕೆ ಓಡಿಹೋಯಿತು. ಇಲ್ಲಿ ಒಂದನ್ನು ಮುಖ್ಯ ಅಂತ ಇಟ್ಟುಕೊಂಡು, ಉಳಿದದ್ದಕ್ಕೆ ಒಂದು ಕ್ಷಣ ಹೋಗಿ ಉತ್ತರ ಕೊಟ್ಟು ತಕ್ಷಣ ವಾಪಸ್ ಬರುವುದನ್ನು ಕಲಿಯಬೇಕು. ಮನೆಯಲ್ಲಿ ಸಿಮ್ಯುಲೇಟರ್‌ನಲ್ಲಿ ಎತ್ತರ ಮತ್ತು ದಿಕ್ಕು ಒಂದೇ ಕಡೆ ಹಿಡಿದುಕೊಂಡು ಹಾರಿಸುತ್ತಾ, ಪಕ್ಕದಲ್ಲಿ ಯಾರಾದರೂ ಬಾಯಿಲೆಕ್ಕ ಕೇಳಲಿ. 17ಕ್ಕೆ 8 ಕೂಡಿಸು, 96ರಲ್ಲಿ ಮೂರನೇ ಒಂದು ಎಷ್ಟು, ಹೀಗೆ. ಉತ್ತರ ಕೊಡುವಾಗ ಎತ್ತರ ನೂರು ಅಡಿ ಏರಿಳಿಯದಿದ್ದರೆ ನೀವು ಸರಿ ದಾರಿಯಲ್ಲಿದ್ದೀರಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮೂರು ಗಂಟೆ ಆಡಿದರೆ ಅದು ಆಟ, ಅಭ್ಯಾಸ ಅಲ್ಲ.

ಇಷ್ಟೇ ಮುಖ್ಯವಾದ ಇನ್ನೊಂದಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಸಿಪಿಎಸ್‌ಎಸ್ ಬರುವುದು ಎಎಫ್‌ಎಸ್‌ಬಿಯ ಸುಸ್ತಾದ ದಿನಗಳ ಕೊನೆಗೆ. ರೆಕಮೆಂಡ್ ಆದ ಖುಷಿಯಲ್ಲಿ ಹುಡುಗರು ರಾತ್ರಿಯೆಲ್ಲ ಮಾತಾಡುತ್ತಾ, ಮನೆಗೆ ಫೋನ್ ಮಾಡುತ್ತಾ, ಹಿಂದಿನ ಬ್ಯಾಚಿನವರು ಕಳಿಸಿದ ಟಿಪ್ಸ್ ಓದುತ್ತಾ ಕೂರುತ್ತಾರೆ. ನಿದ್ದೆ ಇಲ್ಲದ ತಲೆಯಲ್ಲಿ ಮೊದಲು ಹೋಗುವುದು ಗಮನ ಮತ್ತು ಪ್ರತಿಕ್ರಿಯೆಯ ವೇಗ, ಸರಿಯಾಗಿ ಇಲ್ಲಿ ಅಳೆಯುವ ಎರಡು ಗುಣಗಳು. ಮನೆಗೆ ಒಂದು ಫೋನ್ ಮಾಡಿ, ಮಲಗಿ. ದಯವಿಟ್ಟು ಮಲಗಿ. ಒಂದೇ ಸಲ ಸಿಗುವ ಪರೀಕ್ಷೆಯನ್ನು ಜಾಗರಣೆಗೆ ಬಲಿಕೊಡಬೇಡಿ.

ಹಾಗೇ, ಇಷ್ಟೆಲ್ಲ ಓದುವ ಮೊದಲೇ ಅಳತೆ ಟೇಪು ತೆಗೆದುಕೊಳ್ಳಿ. ಪೈಲಟ್‌ಗೆ ಎತ್ತರ ಕನಿಷ್ಠ 162.5 ಸೆಂಟಿಮೀಟರ್, ಕಾಲಿನ ಉದ್ದ 99ರಿಂದ 120, ಕುಳಿತಾಗಿನ ಎತ್ತರ 81.5ರಿಂದ 96, ತೊಡೆಯ ಉದ್ದ 64 ಮೀರಬಾರದು. ಕಾರಣ ಕಾಕ್‌ಪಿಟ್. ಕಾಲು ಗಿಡ್ಡವಾದರೆ ಪೆಡಲ್ ಪೂರ್ತಿ ಸಿಗುವುದಿಲ್ಲ, ತೊಡೆ ಉದ್ದವಾದರೆ ಇಜೆಕ್ಷನ್ ಸೀಟು ಹಾರಿದಾಗ ಮೊಣಕಾಲು ಮುಂದಿನ ಪ್ಯಾನೆಲ್‌ಗೆ ಬಡಿಯುತ್ತದೆ. ಕಣ್ಣಿನ ನಿಯಮ ಫ್ಲೈಯಿಂಗ್‌ಗೆ ತುಂಬಾ ಬಿಗಿ, ಬಣ್ಣ ಗುರುತಿಸುವುದೂ ಪರ್ಫೆಕ್ಟ್ ಇರಬೇಕು. ಅಧಿಸೂಚನೆಯ ವೈದ್ಯಕೀಯ ಪುಟಗಳನ್ನು ತೆಗೆದುಕೊಂಡು ಹೋಗಿ ಒಬ್ಬ ಕಣ್ಣಿನ ಡಾಕ್ಟರಿಗೆ ತೋರಿಸಿ ಪರೀಕ್ಷೆ ಮಾಡಿಸಿ. ಅಂತಿಮ ವೈದ್ಯಕೀಯ ಪರೀಕ್ಷೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಅಥವಾ ದೆಹಲಿಯಲ್ಲಿ ಆಗುತ್ತದೆ. ಅಲ್ಲಿಗೆ ಹೋಗಿ ಮೊದಲ ಸಲ ಬಣ್ಣದ ದೋಷ ಇದೆ ಅಂತ ತಿಳಿಯುವುದು ಬಹಳ ನೋವಿನ ಸಂಗತಿ, ಆದರೆ ಅಂಥವರು ಪ್ರತಿ ವರ್ಷ ಇದ್ದಾರೆ.

ಕೊನೆಯದಾಗಿ, ಅರ್ಜಿ ಹಾಕುವಾಗ ಫ್ಲೈಯಿಂಗ್ ಜೊತೆಗೆ ನಿಮಗೆ ಅರ್ಹತೆ ಇರುವ ಟೆಕ್ನಿಕಲ್ ಬ್ರಾಂಚನ್ನೂ ಆಯ್ಕೆಯಲ್ಲಿ ಹಾಕಬೇಕಾ ಅನ್ನುವುದನ್ನು ಮನೆಯವರ ಜೊತೆ ಕೂತು ಯೋಚಿಸಿ. ಎಎಫ್‌ಕ್ಯಾಟ್ ಮೂಲಕ ಸಿಗುವ ಫ್ಲೈಯಿಂಗ್ ಕಮಿಷನ್ 14 ವರ್ಷದ್ದು ಅಂತಲೂ ತಿಳಿದಿರಲಿ. ಸಿಪಿಎಸ್‌ಎಸ್ ಆಗದೆ ಹೋದರೆ ಮುಚ್ಚುವುದು ಪೈಲಟ್ ಬಾಗಿಲು ಮಾತ್ರ, ನೆಲದ ಮೇಲಿನ ಬ್ರಾಂಚ್‌ಗಳಿಗೆ ವಯಸ್ಸಿನ ಮಿತಿ 26, ಮತ್ತೆ ಪ್ರಯತ್ನ ಮಾಡಬಹುದು. ನಾಗರಿಕ ವಿಮಾನದ ಪೈಲಟ್ ಲೈಸೆನ್ಸ್‌ಗೂ ಇದು ಅಡ್ಡಿ ಬರುವುದಿಲ್ಲ, ಅದು ಡಿಜಿಸಿಎ ದಾರಿ, ಬೇರೆಯೇ. ಇನ್ನು ಎನ್‌ಸಿಸಿ ಏರ್ ವಿಂಗ್ ಸಿ ಸರ್ಟಿಫಿಕೇಟ್ ನಿಮ್ಮ ಹತ್ತಿರ ಇದೆಯಾ? ಇದ್ದರೆ ಎಎಫ್‌ಕ್ಯಾಟ್ ಲಿಖಿತ ಪರೀಕ್ಷೆ ಇಲ್ಲದೆ ನೇರವಾಗಿ ಎಎಫ್‌ಎಸ್‌ಬಿಗೆ ಹೋಗುವ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಇದೆ. ಪ್ರಶ್ನೆಯಲ್ಲಿ ನೀವು ಅದನ್ನು ಬರೆದಿಲ್ಲ, ಇದ್ದರೆ ಮುಂದಿನ ಅಧಿಸೂಚನೆಯಲ್ಲಿ ಆ ಕಾಲಂ ಮರೆಯದೆ ನೋಡಿ.